ಒಂದು ಚುಕ್ಕಿ ಬಿಟ್ಟ ಕುಂಚ

ಬಸವೇಶ್ವರನಗರ, ಬೆಂಗಳೂರು
೧೨ ಫೆಬ್ರವರಿ ೧೯೮೮

ಪೂಜ್ಯ ಗುರುಸಿದ್ದಯ್ಯ ಮಾಸ್ತರರಿಗೆ ಪ್ರಭಾ ಮಾಡುವ ಶರಣು.

'ಕುಂಚಕ್ಕೆ ನೆನಪಿರುತ್ತದೆ, ಕೈಗೆ ಇರುವುದಿಲ್ಲ.' ಹೀಗೇ ಅಲ್ಲವೆ ನೀವು ಹೇಳುತ್ತಿದ್ದುದು? ಅಥವಾ ಕೈಗೆ ನೆನಪಿರುತ್ತದೆ, ಕುಂಚಕ್ಕೆ ಇರುವುದಿಲ್ಲ ಎಂದೋ? ಹಾವೇರಿಯ ಹೈಸ್ಕೂಲು, ಚಿತ್ರಕಲೆಯ ಕೋಣೆ, ಕಿಟಕಿಯ ಪಕ್ಕದ ನಿಮ್ಮ ಕುರ್ಚಿ ಎಲ್ಲ ಸರಿಯಾಗಿ ನೆನಪಿದೆ. ಈ ಮಾತಿನ ಕೊನೆ ಮಾತ್ರ ನಿಲ್ಲುತ್ತಿಲ್ಲ. ಮೂವತ್ತು ವರ್ಷ ಇದನ್ನು ಕವಿತೆಯ ಸಾಲಿನ ಹಾಗೆ ಮನಸ್ಸಿನಲ್ಲೇ ಹೇಳಿಕೊಂಡು ಬಂದೆ. ಹೋದ ವಾರ ಬಾಯಿಬಿಟ್ಟು ಹೇಳಲು ಹೋದರೆ ಅದು ಎರಡೂ ಕಡೆಗೆ ತಿರುಗಿತು.

ಕೇಳಲು ಕಾರಣವಿದೆ. ಪ್ರೆಸ್ಸಿನ ಕೆಲಸಕ್ಕಾಗಿ ನಾನೇ ಒಂದು ಬ್ರಷ್ ಮಾಡಿಕೊಳ್ಳುತ್ತಿದ್ದೇನೆ. ನೀವು ನಮ್ಮ ಪ್ರೆಸ್ಸಿನ ಮಕ್ಕಳ ಪುಸ್ತಕಗಳ ಹೆಸರು ಬರೆಯುವ ಚಪ್ಪಟೆ ಕುಂಚದಂಥದ್ದೇ ಆಗಬೇಕು. ಅಗಲ ಸಿಕ್ಕಿತು, ತುದಿಯ ಓರೆಯೂ ಸಿಕ್ಕಿತು. ಒಂದು ಸಿಗುತ್ತಿಲ್ಲ. ನೀವು ಹೋದ ತಿಂಗಳು ಅಂಚೆಯಲ್ಲಿ ಕಳಿಸಿದ 'ಏಳು ಕೊಳಗಳ ಊರು' ನೋಡಿದೆ. 'ಳ' ಅಕ್ಷರ ಬಾಗುವ ಕಡೆ ಕಪ್ಪಿನ ನಡುವೆ ಕೂದಲಿನಷ್ಟು ಸಣ್ಣ ಬಿಳಿ ಎಳೆ ಹುಟ್ಟುತ್ತದೆ, ಸ್ವಲ್ಪ ದೂರ ಓಡುತ್ತದೆ, ಮುಚ್ಚಿಹೋಗುತ್ತದೆ. ಅಂಗಡಿಗೆ ಬರುವವರು ಆ ಎಳೆಯನ್ನೇ ಗುರುತಿಟ್ಟು ನಮ್ಮ ಪುಸ್ತಕ ಕೇಳುತ್ತಾರೆ ಎಂದು ಪ್ರೆಸ್ಸಿನ ಮಾಲೀಕರಾದ ಗಂಗಾಧರಯ್ಯನವರು ಹೇಳುತ್ತಾರೆ. ಹಳೆಯ ಮುಖಪುಟಗಳನ್ನು ತೆಗೆದು ನೋಡಿದೆ. ಮೂರು ವರ್ಷದ ಹಿಂದಿನವುಗಳಲ್ಲಿ ಅದು ಇಲ್ಲವೇ ಇಲ್ಲ.

ಕುಂಚದ ನಡುವಿನ ಒಂದೆರಡು ಕೂದಲು ಕತ್ತರಿಸುತ್ತೀರಾ? ಎಷ್ಟನೆಯದು? ದಯವಿಟ್ಟು ತಿಳಿಸಿ.

ಅಮ್ಮನವರಿಗೆ ಶರಣು ಹೇಳಿ.

ನಿಮ್ಮ ಶಿಷ್ಯೆ,
ಪ್ರಭಾ


ಹಾವೇರಿ
೨೪ ಫೆಬ್ರವರಿ ೧೯೮೮

ಚಿ. ಸೌ. ಪ್ರಭಾಳಿಗೆ ಆಶೀರ್ವಾದಗಳು.

ಅಕ್ಷರ ನೋಡಿ ಗಾಬರಿಯಾಗಬೇಡ. ಕನ್ನಡಕದ ಒಂದು ಗಾಜು ಸಡಿಲವಾಗಿದೆ, ಅದಕ್ಕೆ ಇವಳ ಕೈಯಲ್ಲಿ ಬರೆಸುತ್ತಿದ್ದೇನೆ.

ನಿನ್ನ ಕಾಗದವನ್ನು ಎರಡು ಸಲ ಓದಿಸಿ ಕೇಳಿದೆ. ನೀನು ಮತ್ತೆ ಕುಂಚ ಹಿಡಿದೆ ಎನ್ನುವುದೇ ನನಗೆ ದೊಡ್ಡ ಸುದ್ದಿ. ಮದುವೆಯಾಗಿ ಹೋದ ಮೇಲೆ ಒಂದು ಎಲೆಯನ್ನೂ ಬರೆದಿಲ್ಲವೆಂದು ನೀನೇ ಒಮ್ಮೆ ಬರೆದಿದ್ದೆ. ಇಪ್ಪತ್ತನಾಲ್ಕು ವರ್ಷ! ನಾನು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಈಗ ಓಣಿಯವರಿಗೆಲ್ಲ ಹೇಳಿದೆ.

ಬ್ರಷ್ ಮಾಡುವುದಾದರೆ ಅವಸರ ಮಾಡಬೇಡ. ಯಾವ ಕೂದಲು ತಂದಿದ್ದೀಯ? ಅಳಿಲಿನದಾದರೆ ನೀರು ಹಿಡಿಯುತ್ತದೆ, ಅಕ್ಷರಕ್ಕೆ ಆಗದು. ಹಂದಿಯದು ಒರಟು. ಮುಂಗುಸಿಯದು ಉತ್ತಮ. ಕೂದಲಿನ ತುದಿಯನ್ನು ಎಂದೂ ಕತ್ತರಿಸಬಾರದು. ಬುಡ ಸರಿಮಾಡಿಕೊಂಡು, ದಾರವನ್ನು ಒದ್ದೆ ಮಾಡಿ ಕಟ್ಟಬೇಕು. ಒಣಗಿದಾಗ ಅದೇ ಬಿಗಿಯುತ್ತದೆ.

ನೀನು ಕೇಳುವ ಬಿಳಿ ಎಳೆ ನನಗೆ ಅರ್ಥವಾಗಲಿಲ್ಲ. ನನ್ನ ಕುಂಚದಲ್ಲಿ ಸೀಳು ಇಲ್ಲ. ಸೀಳು ಬಿಟ್ಟ ಕುಂಚವನ್ನು ನಾನು ಇಟ್ಟುಕೊಳ್ಳುವವನೇ ಅಲ್ಲ. ಇವಳನ್ನೂ ಕೇಳಿದೆ, ಎಳೆಗಿಳೆ ಏನೂ ಇಲ್ಲ ಎಂದಳು. ಅಚ್ಚಿಗಾಗಿ ನಿಮ್ಮಲ್ಲಿ ಬ್ಲಾಕ್ ಮಾಡುವವರ ತಪ್ಪಿರಬೇಕು.

ಇನ್ನು ಆ ಸಾಲು. ನಾನು ಹೇಳುತ್ತಿದ್ದುದು ಎರಡೂ ಅಲ್ಲ. 'ಕುಂಚ ತೊಳೆದಿಡ್ರೋ, ಇಲ್ಲಂದ್ರ ನಿನ್ನಿ ಬಣ್ಣ ಅದಕ್ಕ ನೆನಪಿರ್ತದ' ಎಂದು ಬೈಯುತ್ತಿದ್ದೆ. ಮುಖ್ಯವಾಗಿ ನಿನಗೇ.

ಬರೆದದ್ದನ್ನು ಕಳಿಸು.

ಗುರುಸಿದ್ದಯ್ಯ


ಬಸವೇಶ್ವರನಗರ
೨ ಮಾರ್ಚ್ ೧೯೮೮

ಮಾಸ್ತರರೇ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮಡಿಸಿ ನಿಘಂಟಿನೊಳಗೆ ಇಡುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಬರೆಯಬೇಕಲ್ಲ.

ನಾನು ಕುಂಚ ಹಿಡಿದಿಲ್ಲ. ಕಾಮಾಕ್ಷಿಪಾಳ್ಯದ ನಮ್ಮ ಪ್ರೆಸ್ಸಿಗೆ ಡಿಸೆಂಬರಿನಲ್ಲಿ ಒಂದು ಕಂಪ್ಯೂಟರ್ ಬಂತು. ಅದಕ್ಕೊಂದು ತಣ್ಣನೆಯ ಕೋಣೆ ಕಟ್ಟಿಸಿದ್ದಾರೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗಬೇಕು. ಅದರಲ್ಲಿ ಚಿತ್ರ ಬರೆಯುವ ಒಂದು ಪ್ರೋಗ್ರಾಮ್ ಇದೆ. ಪರದೆಯ ಎಡಗಡೆ ಬ್ರಷ್‌ಗಳ ಸಾಲು: ಗುಂಡು, ಚೌಕ, ಓರೆ. ಮೇಜಿನ ಮೇಲೆ ಮೌಸ್ ಎಂಬ ಸೋಪಿನ ಡಬ್ಬಿಯಂಥದ್ದನ್ನು ಜರುಗಿಸಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಇರುವ ಬ್ರಷ್ ಬೇಡವೆಂದರೆ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಬ್ರಷ್‌ನ ತುದಿ ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಹದಿನಾರು ಮನೆ ಅಡ್ಡ, ಹದಿನಾರು ಮನೆ ಉದ್ದ. ಬೇಕಾದ ಮನೆಗೆ ಕಪ್ಪು ಚುಕ್ಕಿ ಇಡಬೇಕು, ಬೇಡವಾದದ್ದನ್ನು ಅಳಿಸಬೇಕು. ನನಗೆ ಮೊದಲ ದಿನ ಚುಕ್ಕಿ ರಂಗೋಲಿಯೇ ನೆನಪಾಯಿತು.

ಹನ್ನೆರಡು ವರ್ಷದಿಂದ ಪ್ರೂಫ್ ನೋಡುತ್ತಿರುವ ನನ್ನನ್ನು ಗಂಗಾಧರಯ್ಯನವರು ಇದರ ಮುಂದೆ ಕೂರಿಸಿದರು. 'ನೋಡಿ ಪ್ರಭಾ ಮೇಡಂ, ಮೇಷ್ಟ್ರಿಗೂ ವಯಸ್ಸಾಯ್ತು. ಒಂದು ಟೈಟಲ್ ಹಾವೇರಿಯಿಂದ ಬರೋಕೆ ಎಂಟು ದಿನ. ಅವರ ಬ್ರಷ್‌ನ ಇದರೊಳಗೆ ಇಳಿಸ್ಬಿಡಿ. ಆಮೇಲೆ ಹಾವೇರಿನೂ ಬೇಡ, ಪೋಸ್ಟೂ ಬೇಡ. ಆದ್ರೆ ಆ ಬಿಳಿ ಗೆರೆ ಬರ್ಲೇಬೇಕು. ಅದಿಲ್ದಿದ್ರೆ ಅದು ಮೇಷ್ಟ್ರು ಅಕ್ಷರಾನೇ ಅಲ್ಲ. ಜೂನ್ ಒಳಗೆ ಆಗ್ಬೇಕು' ಎಂದರು.

ನಿವೃತ್ತರಾದ ಮೇಲೆ ಈ ಶೀರ್ಷಿಕೆಗಳೇ ನಿಮಗೆ ಉಳಿದ ಕೆಲಸ ಎಂದು ನನಗೆ ಗೊತ್ತು. ಅದನ್ನು ನಿಮ್ಮಿಂದ ತೆಗೆದುಕೊಳ್ಳಲು ಬೇಕಾದ ವಿದ್ಯೆಯನ್ನು ನಿಮ್ಮನ್ನೇ ಕೇಳುತ್ತಿದ್ದೇನೆ. ನೀವೋ ಓಣಿಗೆಲ್ಲ ಹೇಳಿಕೊಂಡು ಬಂದಿದ್ದೀರಿ.

ನಡುವಿನ ಒಂದು ಚುಕ್ಕಿ ಅಳಿಸಿ ಎಳೆದೆ. ಬಿಳಿ ಎಳೆ ಬಂತು. ಆದರೆ ಅಕ್ಷರದ ಶುರುವಿನಿಂದ ಕೊನೆಯ ತನಕ ಒಂದೇ ಸಮ, ಹಳಿ ಹಾಕಿದ ಹಾಗೆ. ನಿಮ್ಮದು ಹಾಗಿಲ್ಲ. ಎಂಟನೆಯ ಚುಕ್ಕಿ, ಒಂಬತ್ತನೆಯ ಚುಕ್ಕಿ, ಎರಡೂ ಅಳಿಸಿ ನೋಡಿದೆ. ಅಷ್ಟರಲ್ಲಿ ಪಕ್ಕದ ಶೆಡ್ಡಿನಲ್ಲಿ ಲೇತ್ ಶುರುವಾಯಿತು. ಅದು ತಿರುಗಿದರೆ ನಮ್ಮ ಪರದೆ ನಡುಗುತ್ತದೆ. ನಡುಗುವ ಅಕ್ಷರವನ್ನು ನೋಡುತ್ತಾ ಕೂತೆ. ಏನು ಮಾಡುತ್ತಿದ್ದೇನೆ ಎಂದು ತಿಳಿಯಲಿಲ್ಲ.

ಪ್ರಭಾ


ಬಸವೇಶ್ವರನಗರ
೩ ಮಾರ್ಚ್ ೧೯೮೮

ಪೂಜ್ಯ ಮಾಸ್ತರರಿಗೆ ಶರಣು.

ನಿಮ್ಮ ಕಾಗದ ಓದಿ ನಕ್ಕೆ. ಮೂವತ್ತು ವರ್ಷ ಕಾಪಾಡಿದ ಸಾಲು ಕೊನೆಗೆ ಬೈಗುಳವಾಯಿತು!

ಇಲ್ಲಿ ನಾನು ಮಾಡುವ ಬ್ರಷ್‌ಗೆ ಕೂದಲಿಲ್ಲ. ಹೇಗೆ ಹೇಳಲಿ, ಅದು ಚುಕ್ಕಿಗಳದು. ಹದಿನಾರು ಚುಕ್ಕಿ ಅಗಲ. ಈಗಿನ ರೀತಿ ಬೇರೆ. ವಿವರವಾಗಿ ಇನ್ನೊಮ್ಮೆ ಬರೆಯುತ್ತೇನೆ.

ಬಿಳಿ ಎಳೆ ಬ್ಲಾಕಿನ ತಪ್ಪಲ್ಲ. ನಿಮ್ಮ ಮೂಲ ಹಾಳೆಯಲ್ಲೇ ಇದೆ, ಭೂತಗನ್ನಡಿ ಹಿಡಿದು ನೋಡಿದೆ. ನೀವು ಬೇಕೆಂದೇ ಮಾಡುತ್ತಿಲ್ಲ ಎಂದರೆ ನಂಬುವುದು ಕಷ್ಟ, ಅಷ್ಟು ಚೆನ್ನಾಗಿದೆ. ಕೈ ಒತ್ತುವ ರೀತಿಯಿಂದ ಬರುತ್ತದೆಯೆ? ನೆನಪು ಮಾಡಿಕೊಳ್ಳಿ.

ಪ್ರಭಾ


ಹಾವೇರಿ
೧೫ ಮಾರ್ಚ್ ೧೯೮೮

ಚಿ. ಸೌ. ಪ್ರಭಾಳಿಗೆ ಆಶೀರ್ವಾದಗಳು.

ಕೂದಲಿಲ್ಲದ ಬ್ರಷ್ ಎಂದರೇನು? ಸ್ಪಂಜೆ? ಮೂರು ದಿನ ಯೋಚಿಸಿದೆ. ಚುಕ್ಕಿಯಿಂದ ಕುಂಚ ಮಾಡುವುದಾದರೆ ಹಿಡಿಕೆ ಎಲ್ಲಿ ಕಟ್ಟುತ್ತೀಯ? ಹದಿನಾರು ಚುಕ್ಕಿ ಎಂದರೆ ಅಂಗುಲದಲ್ಲಿ ಎಷ್ಟು? ಇದನ್ನು ಓದುವಾಗ ಇವಳು ನಕ್ಕು, 'ನಿಮ್ಮ ಶಿಷ್ಯೆ ಬೆಂಗಳೂರಾಗ ರಂಗೋಲಿ ಹಾಕಾಕ ಹತ್ಯಾಳ' ಎಂದಳು.

ನಿನ್ನ ಪ್ರಯೋಗ ಏನೇ ಇರಲಿ, ಅಕ್ಷರಕ್ಕೆ ಮೊದಲು ಒಂದು ಒಳ್ಳೆಯ ಕುಂಚ ಕೈಯಲ್ಲಿರಬೇಕು. ಆದ್ದರಿಂದ ನನ್ನದನ್ನೇ ರಿಜಿಸ್ಟರ್ ಪಾರ್ಸೆಲ್ ಮಾಡಿಸಿದ್ದೇನೆ. ಮುಂಗುಸಿಯ ಕೂದಲು, ನಾನೇ ಕಟ್ಟಿದ್ದು. ನಿಮ್ಮ ಪ್ರೆಸ್ಸಿನ ಹೆಸರುಗಳನ್ನೆಲ್ಲ ಬರೆದದ್ದು ಇದರಲ್ಲೇ. ನನ್ನ ಬಳಿ ಇನ್ನೊಂದಿದೆ, ಚಿಂತೆ ಬೇಡ. ಬೆರಳಿನಿಂದ ಬಿಡಿಸಿ ನೋಡು, ಎಲ್ಲಿಯೂ ಸೀಳು ಕಾಣಿಸದು.

ಗುರುಸಿದ್ದಯ್ಯ

ತಂಗಿ, ಇದು ನಾನು ಬರದದ್ದು. ಎಳೆ ವಿಷಯ ಅವರನ್ನ ಮತ್ತ ಕೇಳಬ್ಯಾಡ.
ಶಿವಗಂಗಮ್ಮ


ಬಸವೇಶ್ವರನಗರ
೩೦ ಮಾರ್ಚ್ ೧೯೮೮

ಪೂಜ್ಯ ಮಾಸ್ತರರಿಗೆ ಶರಣು.

ಪಾರ್ಸೆಲ್ ಬಂತು. ಕುಂಚ ಸುಂದರವಾಗಿದೆ. ಬೆಳಕಿಗೆ ಹಿಡಿದು, ಬೆರಳಿನಿಂದ ಬಿಡಿಸಿ ನೋಡಿದೆ. ಸೀಳು ಇಲ್ಲ, ನಿಜ. ಬಣ್ಣವೂ ಇಲ್ಲ. ಬುಡದಲ್ಲಿ ಒಂದಿಷ್ಟು ಕಪ್ಪಾದರೂ ಇರಬೇಕಿತ್ತಲ್ಲ? ಕೂದಲು ಒಣಗಿ ಕಡ್ಡಿಯಂತಾಗಿದೆ. ನಿನ್ನೆಯ ಬಣ್ಣದ ನೆನಪೇ ಇಲ್ಲದ ಕುಂಚ ಇದು. ಜನವರಿಯಲ್ಲಿ 'ಏಳು ಕೊಳಗಳ ಊರು' ಬರೆದದ್ದು ಇದರಲ್ಲಿ ಎಂದು ನಾನು ಹೇಗೆ ನಂಬಲಿ?

ಗುಟ್ಟು ಹೇಳಲು ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಎನ್ನಬಹುದಿತ್ತು. ಎಳೆಯ ವಿಷಯ ಕೇಳಬೇಡ ಎಂದು ಅಮ್ಮನವರ ಕೈಯಲ್ಲಿ ಬರೆಸಿ, ಬೇರೆ ಯಾವುದೋ ಕುಂಚ ಕಳಿಸಬೇಕಿರಲಿಲ್ಲ.

ಆದರೆ ಗುಟ್ಟಿನ ಮಾತು ಆಡಲು ನನಗೆ ಯಾವ ಹಕ್ಕಿದೆ? ಮಾರ್ಚ್ ಎರಡರಂದು ಬರೆದು ಕಳಿಸದೆ ಇಟ್ಟಿದ್ದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿದರೆ ಎಲ್ಲ ತಿಳಿಯುತ್ತದೆ. ಆಮೇಲೆ ನೀವು ನನ್ನನ್ನು ಏನು ಬೇಕಾದರೂ ಅನ್ನಿ.

ಪ್ರಭಾ


ಬಸವೇಶ್ವರನಗರ
೨ ಮೇ ೧೯೮೮

ಪೂಜ್ಯ ಮಾಸ್ತರರಿಗೆ ಶರಣು.

ಏಪ್ರಿಲ್ ಪೂರ್ತಿ ನಿಮ್ಮಿಂದ ಒಂದು ಕಾರ್ಡೂ ಇಲ್ಲ. ಸಿಟ್ಟಾಗಿದ್ದೀರಿ ಎಂದುಕೊಂಡೆ. ಮೊನ್ನೆ ಪ್ರೆಸ್ಸಿಗೆ ನಿಮ್ಮ ಹೊಸ ಶೀರ್ಷಿಕೆ ಬಂತು, ಏನೂ ಆಗದವರ ಹಾಗೆ. ಈ ಸಲ ಎಳೆ ಮೂರು ಕಡೆ ಇದೆ. ನೀವು ನನ್ನನ್ನು ಕ್ಷಮಿಸಿದ್ದೀರೋ, ಅಣಕಿಸುತ್ತಿದ್ದೀರೋ, ಅಥವಾ ನನ್ನ ಕಾಗದವೇ ತಲುಪಲಿಲ್ಲವೋ?

ಜೂನ್ ಹತ್ತಿರ ಬರುತ್ತಿದೆ. ಒಂದು ಸಾಲು ಬರೆಯಿರಿ. ಬೈಗುಳವಾದರೂ ಆಗಲಿ.

ಪ್ರಭಾ


ಹಾವೇರಿ
೧೪ ಮೇ ೧೯೮೮

ತಂಗಿ ಪ್ರಭಾಗ ಶಿವಗಂಗಮ್ಮನ ಆಶೀರ್ವಾದ.

ಅವರು ಹೇಳಿದ್ದನ್ನ ಬರೆಯುವಾಗ ಪುಸ್ತಕದ ಮಾತು ಬರ್ತದ. ನನ್ನದ ಬರಿಯಾಕ ಕುಂತ್ರ ಬಾಯಿ ಮಾತೇ ಬರ್ತದ. ಹಂಗೇ ಓದಿಕೋ.

ನಿನ್ನ ಕಾಗದ ತಲುಪ್ಯಾವು. ಎರಡನ್ನೂ ಅವರಿಗೆ ಓದಿ ಹೇಳಿಲ್ಲ. 'ಕುಂಚ ಮುಟ್ಟಿತು, ಬಾಳ ಚಲೋ ಐತಿ ಅಂತ ಬರದಾಳ' ಅಂದೆ. ಅವರು ಒಂದು ವಾರ ಖುಷಿಯಾಗಿದ್ದರು. ಕನ್ನಡಕದ ಗಾಜು ಸಡಿಲ ಅನ್ನೋದು ಅವರು ಕಟ್ಟಿದ ಕತಿ. ಎರಡೂ ಕಣ್ಣಿಗೆ ಪೊರಿ ಬಂದೈತಿ. ಅದಕ್ಕಿಂತ ಮೊದಲು ಕೈ ಹೋತು. ಮೂರು ವರ್ಷಾತು, ಬಲಗೈ ನಡುಗ್ತದ. ಚಾದ ಬಟ್ಟಲ ಹಿಡದರ ಬಶಿಯಾಗ ಅರ್ಧ.

ನಿಮ್ಮ ಪುಸ್ತಕದ ಹೆಸರುಗಳನ್ನ ಬರಿಯಾಕಿ ನಾನು.

ಮೊದಮೊದಲು ಅವರು ಪೆನ್ಸಿಲ್ಲಿನಾಗ ಗೀಚಿ ಕೊಡತಿದ್ದರು, ನಾನು ಕಪ್ಪು ತುಂಬತಿದ್ದೆ. ಆಮ್ಯಾಲ ಅದೂ ಆಗಲಿಲ್ಲ. ಈಗ ದಿನಾ ಹತ್ತಕ್ಕ ಜಳಕಾ ಮಾಡಿ, ವಿಭೂತಿ ಹಚಿಗೊಂಡು ನನ್ನ ಪಕ್ಕ ಕೂಡ್ತಾರ. 'ಎಡಕ್ಕ ಎಳಿ, ಹೊಟ್ಟಿ ದುಂಡಗ ಬರಲಿ, ಉಸಿರು ಹಿಡಕೋ, ಈಗ ಬಿಡು' ಅಂತಾರ. ಕಾಣೋದಿಲ್ಲ, ಆದರೂ ಹೇಳ್ತಾರ. ನಾನು ಎಳಿತೀನಿ. ಮುಗಿದ ಮ್ಯಾಲ 'ಇವತ್ತ ನಮ್ಮ ಅಕ್ಷರ ಹೆಂಗ ಬಂತು?' ಅಂತ ಕೇಳ್ತಾರ. ಮೊದಲು 'ನನ್ನ ಅಕ್ಷರ' ಅಂತಿದ್ದರು.

ಅವರು ನಿನಗ ಕಳಿಸಿದ್ದು ಸುಳ್ಳು ಕುಂಚ ಅಲ್ಲ ತಂಗಿ. ಅವರದೇ. ಮೂರು ವರ್ಷದ ಹಿಂದ ಕಡೀ ಸಲ ತೊಳದು ಇಟ್ಟದ್ದು. ನಾನು ಅದನ್ನ ಮುಟ್ಟಿಲ್ಲ, ನನಗ ಅಗಲ ಆಗ್ತದ. ಕೈಗೆ ಹಗುರ ಅಂತ ಅರ್ಧ ಅಗಲದ್ದು ತಗೊಂಡೀನಿ. ಅದಕ್ಕ ಎರಡು ಸಲ ಎಳೀಬೇಕು. ಅಂಗಳದಾಗ ಜೋಡಿ ಎಳಿ ರಂಗೋಲಿ ಹಾಕಿ ಹಾಕಿ ನನ್ನ ಕೈಗೆ ಅದೇ ರೂಢಿ, ಒಂದರ ಮಗ್ಗಲಕ ಒಂದು. ಬಾಗೋ ಕಡೆ ಎರಡೂ ಎಳಿ ಕೂಡಂಗಿಲ್ಲ, ನಡುವ ಸಂದಿ ಉಳೀತದ. ನೀನು ಕೇಳಿದ ಬಿಳಿ ಎಳೆ ಅದು. ಅದು ನನ್ನ ತಪ್ಪು. ಅವರು ಕೇಳಿದಾಗ ಇಲ್ಲ ಅಂದುಬಿಟ್ಟೆ. ಐತಿ ಅಂದರ ಕುಂಚ ನನ್ನ ಕೈಯಾಗ ಸರಿ ಕೂತಿಲ್ಲ ಅಂತ ನೊಂದುಕೋತಾರ.

ಮಷಿನ್ನಿನ ವಿಷಯ ಓದಿ ಮೊದಲ ನನಗ ಹಗುರ ಅನಿಸಿತು. ನನಗೂ ಅರವತ್ತಾತು. ಆದರ ಹತ್ತು ಗಂಟೆ ಆದ ಕೂಡಲೇ ಎದ್ದು ತಯಾರಾಗೋ ಮನಶಾಗ ನಾಳೆಯಿಂದ ಬ್ಯಾಡ ಅಂತ ನಾನು ಹೆಂಗ ಹೇಳಲಿ? ಅದನ್ನ ನೀನೇ ಯೋಚನಿ ಮಾಡು, ಓದಿದಾಕಿ.

ಒಂದು ಮಾತು ನಡಸಿಕೊಡು. ಮಷಿನ್ನಿನಾಗ ಅವರ ಕುಂಚ ಇಡೋದಾದರ ಆ ಬಿಳಿ ಎಳೆ ತಗದಬಿಡು. ಅವರ ಹೆಸರಿನಾಗ ಇರೋದು ಅವರ ಹಂಗೇ ಇರಲಿ.

ಶಿವಗಂಗಮ್ಮ


ಬಸವೇಶ್ವರನಗರ
೫ ಜೂನ್ ೧೯೮೮

ಅಮ್ಮನವರಿಗೆ ಪ್ರಭಾ ಮಾಡುವ ಶರಣು.

ಇದು ನಿಮ್ಮೊಬ್ಬರಿಗೆ. ಮಾಸ್ತರರಿಗೆ ಬೇರೆ ಹಾಳೆ ಇಟ್ಟಿದ್ದೇನೆ, ಅದನ್ನು ಮಾತ್ರ ಓದಿ ಹೇಳಿ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ತಿಳಿಯದು. ಕುಂಚವನ್ನು ಸುಳ್ಳು ಎಂದೆ. ತೊಳೆದಿಟ್ಟ ಕುಂಚ ಮತ್ತು ಬಳಸದ ಕುಂಚದ ವ್ಯತ್ಯಾಸ ನನಗೆ ತಿಳಿಯಲಿಲ್ಲ. ಹೈಸ್ಕೂಲಿನಲ್ಲೂ ನಾನು ತೊಳೆದವಳಲ್ಲ.

ಮರುದಿನ ಕಂಪ್ಯೂಟರಿನ ಮುಂದೆ ಕೂತು, ನಾಲ್ಕು ತಿಂಗಳು ಚುಕ್ಕಿ ಅಳಿಸಿ ಮಾಡಿದ್ದ ಬ್ರಷ್‌ಗಳನ್ನೆಲ್ಲ ಬದಿಗಿಟ್ಟೆ. ಎಂಟು ಚುಕ್ಕಿ ಅಗಲದ್ದೊಂದು ಹೊಸದಾಗಿ ಮಾಡಿದೆ. ಅದರಲ್ಲಿ ಸೀಳಿಲ್ಲ, ಏನೂ ಇಲ್ಲ. 'ಳ' ಅಕ್ಷರವನ್ನು ಒಂದು ಸಲ ಎಳೆದೆ, ಅದರ ಮಗ್ಗುಲಲ್ಲಿ ಇನ್ನೊಂದು ಸಲ ಎಳೆದೆ. ಬಾಗುವ ಕಡೆ ಮೌಸ್ ತುಸು ಜಾರಿತು. ಎಳೆ ಬಂತು. ಹುಟ್ಟಿ, ಓಡಿ, ಮುಚ್ಚಿಹೋಯಿತು. ಅದನ್ನು ಕುಂಚದಲ್ಲಿ ಹುಡುಕುತ್ತಿದ್ದೆ, ಅದು ಎರಡನೆಯ ಸಲದಲ್ಲಿತ್ತು.

ಈ ಪ್ರೋಗ್ರಾಮಿನಲ್ಲಿ ಮಾಡಿದ ಬ್ರಷ್‌ಗೆ ಒಂದು ಹೆಸರು ಕೊಡಬೇಕು. ಇಂಗ್ಲಿಷಿನ ಎಂಟು ಅಕ್ಷರ ಮೀರಬಾರದು. ಅಗಲದ್ದಕ್ಕೆ 'ಗುರು' ಎಂದು ಕೊಟ್ಟೆ. ಅದರಲ್ಲಿ ಒಂದೇ ಎಳೆತಕ್ಕೆ ಕಪ್ಪು ಪೂರ್ತಿ ತುಂಬುತ್ತದೆ, ನೀವು ಕೇಳಿದ ಹಾಗೆ. ಕಿರಿದಾದದ್ದಕ್ಕೆ 'ಶಿವ್‌ಗಂಗ್' ಎಂದು ಕೊಟ್ಟೆ. ನಿಮ್ಮ ಹೆಸರಿನ ಕೊನೆ ಕತ್ತರಿಸಿಹೋಯಿತು. ಎಂಟಕ್ಕೆ ಅಷ್ಟೇ ಹಿಡಿದದ್ದು.

ಹತ್ತು ಗಂಟೆಯ ವಿಷಯ. ಗಂಗಾಧರಯ್ಯನವರಿಗೆ ಹೇಳಿದೆ: 'ಬ್ರಷ್ ಸಿದ್ಧವಾಗಿದೆ ಸಾರ್, ಆದರೆ ಬ್ರಷ್ ಇದ್ದ ಮಾತ್ರಕ್ಕೆ ಅಕ್ಷರ ಬರುವುದಿಲ್ಲ. ಪ್ರತಿ ಅಕ್ಷರಕ್ಕೂ ಮಾಸ್ತರರು ಕೈಯಲ್ಲಿ ಬರೆದ ಮಾದರಿ ಬೇಕು. ಕಾಗುಣಿತ ಬೇಕು. ಆಮೇಲೆ ಒತ್ತಕ್ಷರಗಳು.'

'ಒತ್ತು ಎಷ್ಟಿದಾವೆ?' ಎಂದು ಕೇಳಿದರು.

'ಒಂದೊಂದು ವ್ಯಂಜನಕ್ಕೂ ಒಂದೊಂದು. ಕೆಲವು ಅಕ್ಷರದ ಕೆಳಗೆ ಎರಡೆರಡು ಬರುತ್ತವೆ.'

ತಲೆ ಮೇಲೆ ಕೈ ಇಟ್ಟುಕೊಂಡರು. 'ಯಾರು ಮೇಡಂ ಈ ಕನ್ನಡನ ಹಿಂಗೆ ಮಾಡಿಟ್ಟೋರು? ಸರಿ, ಮೇಷ್ಟ್ರಿಗೇ ಬರೀರಿ. ನಿಧಾನವಾಗಿ ಕಳಿಸ್ಲಿ. ಅಲ್ಲೀತನಕ ಟೈಟಲ್ಲೂ ಅವರೇ ಬರೀಲಿ.'

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ವಾರಕ್ಕೆ ಎರಡು ಅಕ್ಷರ ಸಾಕು, ಅವಸರ ಬೇಡ ಎಂದು ಮಾಸ್ತರರ ಹಾಳೆಯಲ್ಲಿ ಬರೆದಿದ್ದೇನೆ. ಕಡಿಮೆಯೆಂದರೂ ಎರಡು ವರ್ಷದ ಕೆಲಸ. ನಾನು ಕುಂಚ ಹಿಡಿದಿಲ್ಲ, ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಅದರಲ್ಲೇ ಹೇಳಿದ್ದೇನೆ. ಅದನ್ನು ಬಿಡದೆ ಓದಿ. ನಿಮ್ಮ ಕೈಯ ವಿಷಯ ಅದರಲ್ಲಿ ಇಲ್ಲ. ಅದು ನಿಮ್ಮಿಬ್ಬರದು.

ಉಳಿದದ್ದು ನಿಮ್ಮ ಕೋರಿಕೆ. ಎಳೆ ತೆಗೆಯಬೇಕೆ, ಬಿಡಬೇಕೆ? ಮಾಲೀಕರಿಗೆ ಎಳೆಯಿದ್ದರೇ ಅದು ಮಾಸ್ತರರ ಅಕ್ಷರ. ನಿಮಗೆ ಎಳೆಯಿಲ್ಲದಿದ್ದರೇ ಅದು ಅವರ ಅಕ್ಷರ. ಎರಡೂ ಬ್ರಷ್‌ಗಳಿಂದ ಒಂದೇ ಹೆಸರು ಬರೆದು, ಪ್ರಿಂಟ್ ತೆಗೆದು, ಮನೆಯ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದೆ. ನಾಲ್ಕು ದಿನ ಹೋಗುತ್ತಾ ಬರುತ್ತಾ ನೋಡಿದೆ. ಬೆಳಿಗ್ಗೆ ತೆಗೆಯೋಣ ಅನ್ನಿಸುತ್ತದೆ, ಸಂಜೆ ಬಿಡೋಣ ಅನ್ನಿಸುತ್ತದೆ.

ಇವತ್ತು ಭಾನುವಾರ. ಈ ಕಾಗದ ಅರ್ಧ ಬರೆದಿದ್ದೆ. ಪಕ್ಕದ ಮನೆಯ ರಾಮಕ್ಕ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಕುರುಬರಹಳ್ಳಿಯಲ್ಲೇ ಹುಟ್ಟಿ ಬೆಳೆದವರು, ಓದು ಬರಹ ಇಲ್ಲ. ನಾನು ಮೊಸರು ತರುವಷ್ಟರಲ್ಲಿ ಬಾಗಿಲಲ್ಲೇ ನಿಂತು ಗೋಡೆ ನೋಡುತ್ತಿದ್ದರು. ಯಾವುದು ಚೆನ್ನಾಗಿದೆ ಎಂದು ಕೇಳಿದೆ. ಎರಡೂ ಮೆಷಿನ್ನಿನವು ಎಂದು ಹೇಳಲಿಲ್ಲ.

ಮೊದಲು 'ಗುರು' ಬ್ರಷ್‌ನದ್ದನ್ನು ತೋರಿಸಿ, 'ಇದು ಬೋರ್ಡ್ ಬರ್ಯೋರ್ದು, ಗಟ್ಟಿಯಾಗೈತೆ' ಎಂದರು. ಆಮೇಲೆ ನಿಮ್ಮದರ ಮೇಲೆ, ಸರಿಯಾಗಿ ಆ ಬಿಳಿ ಸಂದಿಯ ಮೇಲೆ, ಬೆರಳು ಇಟ್ಟರು.

'ಇದು ಬೆಳಿಗ್ಗೆ ಎದ್ದು ಬಾಗ್ಲಿಗೆ ನೀರ್ ಹಾಕೋರ ಕೈದು ಕಣಮ್ಮ. ಎರಡೆಳೆ ಎಳ್ದು ಮಧ್ಯ ದಾರಿ ಬಿಟ್ಟವ್ರೆ ನೋಡು. ಯಾರವ್ವ ಅದು, ನಿಮ್ಮೂರೋರಾ?'